ಆ ಮನುಷ್ಯನ ಪರವಾಗಿ ಒಂದು ಬ್ರೆಡ್

ಡುಲುತ್
ಏಪ್ರಿಲ್ 18, 1993

ಅಪ್ಪಾ,

ಬಂದರಿನ ಮಂಜುಗಡ್ಡೆ ಒಡೆಯಿತು. ಹಡಗುಗಳು ಒಂದೊಂದಾಗಿ ಬರುತ್ತಿವೆ, ನಿನ್ನದು ಮಾತ್ರ ಇಲ್ಲ. ಈ ವರ್ಷವೂ ನಿಮಗೆ ಎಸ್ಕನಾಬಾ ಬಂದರಿನ ಅದಿರೇ ಗತಿಯಂತೆ. ಹಾಗಾದರೆ ಜನವರಿಯವರೆಗೆ ಮತ್ತೆ ಕಾಗದದಲ್ಲೇ ನಮ್ಮ ಮಾತು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಾಲೇಜಿನ ಮೊದಲ ವರ್ಷ ಮುಗಿಯುತ್ತಾ ಬಂತು. ಲ್ಯಾಬ್ ಟೆಕ್ನೀಷಿಯನ್ನಿನ ಈ ಎರಡು ವರ್ಷದ ಡಿಗ್ರಿಯ ಮುಳ್ಳೆಲ್ಲ ಎರಡನೆಯ ವರ್ಷದಲ್ಲಿದೆ ಎಂದು ಸೇರುವಾಗ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲವೇನೋ. ಜೂನ್‌ನಿಂದ ನವೆಂಬರ್‌ವರೆಗೆ ಇಪ್ಪತ್ತನಾಲ್ಕು ವಾರ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿಗೆ ನಿಲ್ಲಬೇಕು. ವಾರಕ್ಕೆ ನಲವತ್ತು ಗಂಟೆ, ಸಂಬಳ ಸೊನ್ನೆ. ಅದರ ಮೇಲೆ, ಪುಕ್ಕಟೆ ದುಡಿಯುವ ಆ ಇಪ್ಪತ್ತನಾಲ್ಕು ವಾರಕ್ಕೆ ನಾನೇ ಕಾಲೇಜಿಗೆ ಫೀಸು ಕಟ್ಟಬೇಕು. ಅದಾದ ಮೇಲೆ ಚಳಿಗಾಲದ ಪಾಠ, ವಸಂತದಲ್ಲಿ ಪರೀಕ್ಷೆ.

ವೃದ್ಧಾಶ್ರಮದ ಹಗಲು ಪಾಳಿ ಬಿಡಲೇಬೇಕು. ಸಂಜೆ ಐದರಿಂದ ಒಂಬತ್ತರವರೆಗೆ ಹಾಸಿಗೆ ಬದಲಿಸಲು ಬರಬಹುದು ಎಂದಿದ್ದಾರೆ, ಅದೇ ಐದು ಡಾಲರ್ ಅರವತ್ತು ಸೆಂಟ್ ದರದಲ್ಲಿ. ಫೀಸು, ಪುಸ್ತಕ, ಕೈತಪ್ಪುವ ಕೂಲಿ ಎಲ್ಲ ಸೇರಿಸಿದರೆ ಈ ಡಿಗ್ರಿ ನನಗೆ ಹತ್ತು ಸಾವಿರ ಡಾಲರಿಗೆ ಬೀಳುತ್ತದೆ. ಕೆಲಸ ಸಿಕ್ಕರೆ ಗಂಟೆಗೆ ಒಂಬತ್ತೂವರೆ. ಕಾಗದದ ಮೇಲೆ ನೋಡಿದರೆ ಎರಡು ವರ್ಷದೊಳಗೆ ಗೆದ್ದೆ ಅನ್ನಿಸುತ್ತದೆ. ಆದರೆ ನನಗೆ ಮೂವತ್ನಾಲ್ಕು, ಗಂಡ ಬಿಟ್ಟುಹೋಗುವಾಗ ಉಳಿಸಿಹೋದದ್ದು ಒಂದು ಹಳೇ ಕಾರು, ಹದಿಮೂರು ವರ್ಷ ಮುದುಕರನ್ನು ಎತ್ತಿ ಎತ್ತಿ ಬೆನ್ನು ಹೋಗಿದೆ.

ಬಿಡಲೋ, ಹಿಡಿಯಲೋ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯಬೇಡ. ಅನ್ನಿಸಿದ್ದನ್ನು ಬರೆ.

ನಿನ್ನ
ಸೈಮಾ


'ಜೆರೋಮ್ ಹ್ಯಾಲಕ್' ಹಡಗು, ಹ್ಯೂರಾನ್ ಸರೋವರ
ಮೇ 2, 1993

ಮಗಳೇ,

ನಿನ್ನ ಕಾಗದ ಡೆಟ್ರಾಯ್ಟ್ ನದಿಯಲ್ಲಿ ಅಂಚೆ ದೋಣಿಯಿಂದ ಬಕೆಟ್ ಹತ್ತಿ ಬಂತು. ಈ ಸಲ ಹಗ್ಗ ಎಳೆಯಲು ನಾನೇ ನಿಂತಿದ್ದೆ. ಅರ್ಧಕ್ಕೆ ಕೈಸೋತು ಬಿಟ್ಟುಕೊಟ್ಟೆ, ಉಳಿದರ್ಧವನ್ನು ನನ್ನ ಸಹಾಯಕ ಅಡುಗೆಯವನು ಡೆಲ್ಬರ್ಟ್ ಎಳೆದ. ಕೆಳಗಿನಿಂದ ದೋಣಿಯವನು, "ಏನಜ್ಜ, ಕಾಗದದ ಭಾರಾನೂ ತಡ್ಕೊಳಕ್ಕಾಗ್ತಿಲ್ವಾ?" ಎಂದು ಕೂಗಿದ. "ನನ್ನ ಮಗಳ ಕಾಗದ ಕಣಯ್ಯ, ಭಾರ ಇರ್ತದೆ" ಎಂದೆ.

ಬಕೆಟಿನಲ್ಲಿ ನಿನ್ನದಲ್ಲದೆ ಇನ್ನೆರಡು ಇದ್ದವು. ಎರಡೂ ಕಿಟಕಿ ಲಕೋಟೆ. ನನ್ನ ಪದ್ಧತಿ ನಿನಗೆ ಗೊತ್ತಲ್ಲ. ವಿಳಾಸ ಕಾಣಲು ಕಿಟಕಿ ಕೊರೆದ ಲಕೋಟೆಯಿಂದ ಇವತ್ತಿನವರೆಗೆ ಒಂದೂ ಒಳ್ಳೆಯ ಸುದ್ದಿ ಹೊರಬಿದ್ದಿಲ್ಲ. ಒಡೆಯದೆ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಜನವರಿಯಲ್ಲಿ ಹಡಗನ್ನು ಚಳಿಗಾಲಕ್ಕೆಂದು ದಡಕ್ಕೆ ಕಟ್ಟಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಒಡೆದು ಒಟ್ಟಿಗೆ ಬೈದುಕೊಂಡರಾಯಿತು.

ಅನ್ನಿಸಿದ್ದನ್ನು ಬರೆ ಎಂದೆ, ಬರೆಯುತ್ತೇನೆ. ಇದು ಮೂಗಿಗಿಂತ ಮೂಗುತಿ ಭಾರದ ಲೆಕ್ಕ. ಡೆಲ್ಬರ್ಟ್ ಸೆಪ್ಟೆಂಬರಿನಲ್ಲಿ ನಿವೃತ್ತನಾಗುತ್ತಾನೆ. ಅವನ ಜಾಗಕ್ಕೆ ಆಗಸ್ಟ್ ಒಂದರೊಳಗೆ ನಾನು ಒಂದು ಹೆಸರು ಕೊಡಬೇಕು. ನಿನ್ನ ಹೆಸರು ಕೊಡುತ್ತೇನೆ. ಒಂಬತ್ತು ತಿಂಗಳಿಗೆ ಇಪ್ಪತ್ತೇಳು ಸಾವಿರ ಡಾಲರ್, ಊಟ ವಸತಿ ಹಡಗಿನದೇ. ನಿನ್ನ ಲ್ಯಾಬಿನವರು ವರ್ಷವಿಡೀ ಬಗ್ಗಿ ಕೂತರೂ ಇದರ ಹತ್ತಿರಕ್ಕೆ ಬರುವುದಿಲ್ಲ, ಯಾವ ಡಿಗ್ರಿಯೂ ಬೇಡ. ಇಪ್ಪತ್ತಾರು ಜನರಿಗೆ ಆಲೂಗಡ್ಡೆ ಸುಲಿಯಲು ಬಂದರೆ ಸಾಕು, ಅದನ್ನು ನಿನ್ನ ಅಮ್ಮ ಏಳನೆಯ ವಯಸ್ಸಿಗೇ ಕಲಿಸಿದ್ದಾಳೆ.

ಇನ್ನೊಂದು ಮಾತು. ನನಗೆ ಅರವತ್ಮೂರು. ಸೂಪಿನ ದೊಡ್ಡ ಪಾತ್ರೆ ಈಗ ಒಬ್ಬನಿಂದ ಇಳಿಯುವುದಿಲ್ಲ. ಹೊಸಬನೊಬ್ಬ ಬಂದು ಅದನ್ನು ನೋಡುವುದಕ್ಕಿಂತ ನೀನು ನೋಡುವುದು ಮೇಲು.

ಅಪ್ಪ


ಡುಲುತ್
ಮೇ 16

ಅಪ್ಪಾ,

ನಿನ್ನ ಕಾಗದ ಓದಿ ಎರಡು ದಿನ ಸಿಟ್ಟಿನಲ್ಲಿದ್ದೆ. ನಿನ್ನ ಲೆಕ್ಕ ತಪ್ಪು ಎಂದಲ್ಲ, ಸರಿಯಾಗಿತ್ತು ಎಂದು.

ಆದರೂ ಒಂದು ಮಾತು ಬರೆಯುತ್ತೇನೆ. ಹದಿಮೂರು ವರ್ಷದಲ್ಲಿ ನಾನು ತೊಳೆದು, ಉಣಿಸಿ, ಮಗ್ಗುಲು ಬದಲಿಸಿದ ಮುದುಕರೆಲ್ಲ ಸತ್ತರು. ಸಾಯಬೇಕಾದವರೇ, ಒಪ್ಪುತ್ತೇನೆ. ಆದರೆ ಯಾರು ಯಾತಕ್ಕೆ ಸೊರಗುತ್ತಿದ್ದಾರೆ ಎಂದು ನನಗೆ ಒಂದು ದಿನವೂ ಗೊತ್ತಾಗಲಿಲ್ಲ. ನರ್ಸು ಬಂದು ರಕ್ತ ತೆಗೆಯುತ್ತಿದ್ದಳು, ಅದು ಎಲ್ಲಿಗೋ ಹೋಗುತ್ತಿತ್ತು, ಮರುದಿನ ಮಾತ್ರೆ ಬದಲಾಗುತ್ತಿತ್ತು. ಆ "ಎಲ್ಲಿಗೋ" ಏನು ಎಂದು ನೋಡುವ ಆಸೆ ನನಗೆ. ಇಷ್ಟು ಸಣ್ಣ ಆಸೆಗೆ ಹತ್ತು ಸಾವಿರ ಜಾಸ್ತಿ ಎಂದು ನೀನು ಹೇಳಬಹುದು. ಆಗಸ್ಟ್ ಒಂದರವರೆಗೆ ಸಮಯ ಇದೆಯಲ್ಲ, ಯೋಚಿಸುತ್ತೇನೆ.

ಪಾತ್ರೆ ಇಳಿಯುವುದಿಲ್ಲ, ಹಗ್ಗ ಎಳೆಯಲಾಗುವುದಿಲ್ಲ ಎಂದು ತಮಾಷೆಯ ನಡುವೆ ತೂರಿಸಿದ್ದೀಯ. ಡಾಕ್ಟರಿಗೆ ತೋರಿಸು.

ಸೈಮಾ


'ಜೆರೋಮ್ ಹ್ಯಾಲಕ್', ಟೊಲೀಡೊ
ಜೂನ್ 20

ಮಗಳೇ,

ತಡವಾಯಿತು. ಊಟ ಬಡಿಸಿದ ಮೇಲೆ ಹಾಸಿಗೆ ಕಂಡರೆ ಸಾಕು ಎನ್ನಿಸುವ ದಿನಗಳಿವು. ಸೆಕೆಗೋ ಏನೋ, ಬೆಳಗ್ಗೆ ಏಳುವಾಗ ಅಂಗಿ ಒದ್ದೆಯಾಗಿರುತ್ತದೆ. ಕ್ಯಾಪ್ಟನ್ ಮೊನ್ನೆ ಸೂಪು ಬಾಯಿಗಿಟ್ಟು, "ಅರ್ವಿಡ್, ಉಪ್ಪು ಮರೆತ್ರಾ, ಇಲ್ಲ ನನ್ನ ಮೇಲೆ ಕೋಪಾನಾ?" ಎಂದರು. ಮೂವತ್ತೆಂಟು ವರ್ಷದಲ್ಲಿ ಉಪ್ಪು ಮರೆತದ್ದು ಅದೇ ಮೊದಲು.

ಡಾಕ್ಟರಿಗೆ ತೋರಿಸಲು ಹಡಗು ನಿಲ್ಲಬೇಕಲ್ಲ. ತುಂಬಲು ಹತ್ತು ಗಂಟೆ, ಇಳಿಸಲು ಹತ್ತು ಗಂಟೆ, ಅಷ್ಟರಲ್ಲಿ ಮೂರು ಊಟ. ನೀನು ಆಸ್ಪತ್ರೆಗೆ ಸೇರಿಕೊಂಡಿರಬೇಕು ಈಗ. ಬಿಳಿ ಕೋಟು ಕೊಟ್ಟರಾ, ಅದನ್ನೂ ನೀನೇ ಕೊಂಡೆಯಾ?

ಅಪ್ಪ


ಡುಲುತ್
ಜುಲೈ 11

ಅಪ್ಪಾ,

ಕೋಟು ನಾನೇ ಕೊಂಡೆ. ಇಪ್ಪತ್ತೆರಡು ಡಾಲರ್.

ಐದು ವಾರವಾಯಿತು. ಬೆಳಗ್ಗೆ ಆರಕ್ಕೆ ಲ್ಯಾಬು, ಸಂಜೆ ವೃದ್ಧಾಶ್ರಮ. ನಿಂತಲ್ಲೇ ನಿದ್ದೆ ಬರುತ್ತದೆ. ನನಗೆ ಕಲಿಸುವವಳು ಬರ್ನಿಸ್ ಎಂಬ ಹೆಂಗಸು, ಮೂವತ್ತೊಂದು ವರ್ಷದಿಂದ ಅದೇ ಸ್ಟೂಲಿನ ಮೇಲೆ ಕೂತವಳು. ಮೊದಲ ದಿನವೇ, "ಇಲ್ಲಿ ನಾಲ್ಕು ವರ್ಷ ಓದಿದೋರೂ ಇದಾರೆ, ಎರಡು ವರ್ಷ ಓದಿದೋರೂ ಇದಾರೆ. ಕೆಲಸ ಒಂದೇ, ಅವರಿಗೆ ಗಂಟೆಗೆ ಎರಡು ಡಾಲರ್ ಜಾಸ್ತಿ. ಅಳೋದಿದ್ರೆ ಈಗಲೇ ಅತ್ಕೋ ತಾಯಿ, ಆಮೇಲೆ ಪುರಸೊತ್ತಿರಲ್ಲ" ಎಂದಳು.

ನನ್ನ ತಲೆನೋವು ಸ್ಲೈಡು. ಗಾಜಿನ ಮೇಲೆ ಒಂದು ಹನಿ ರಕ್ತ ಇಟ್ಟು, ಇನ್ನೊಂದು ಗಾಜಿನ ಅಂಚಿನಿಂದ ಅದನ್ನು ಒಂದೇ ಸಮ ತಳ್ಳಬೇಕು. ತುದಿ ಗರಿಯ ಹಾಗೆ ತೆಳ್ಳಗಾಗಬೇಕು. ಒತ್ತಿದರೆ ಕಣಗಳು ಒಡೆದು ಮಸಿಯ ಹಾಗೆ ಹರಡಿಬಿಡುತ್ತವೆ. ಈ ಕೈಗಳು ನೂರು ಕಿಲೋ ತೂಗುವ ಮುದುಕರನ್ನು ಹೊರಳಿಸಿ ರೂಢಿಯಾದವು, ಗರಿ ಬರುವುದಿಲ್ಲ. ಬರ್ನಿಸ್ ನನ್ನ ಸ್ಲೈಡು ಎತ್ತಿ ಹಿಡಿದು, "ಇದೇನು ರಕ್ತಾನಾ, ಬ್ರೆಡ್ಡಿಗೆ ಬಳಿದ ಜಾಮಾ?" ಎನ್ನುತ್ತಾಳೆ. ಅವಳ ಮಾತಿಗೆ ಬೇಸರವಿಲ್ಲ. ಕೈಲಾಗುತ್ತಿಲ್ಲ ಎಂಬುದಕ್ಕೆ ಬೇಸರ.

ನಾನು ಸೋತೆ ಅಪ್ಪ. ಡೆಲ್ಬರ್ಟನ ಜಾಗಕ್ಕೆ ನನ್ನ ಹೆಸರು ಕೊಡು.

ಸೈಮಾ


'ಜೆರೋಮ್ ಹ್ಯಾಲಕ್', ಸುಪೀರಿಯರ್ ಸರೋವರದ ಕಡೆಗೆ
ಜುಲೈ 17

ಮಗಳೇ,

ನಿನ್ನ ಹೆಸರು ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಒಂದು ವಾರ ನನ್ನ ಜೇಬಿನಲ್ಲಿರಲಿ. ಸುಸ್ತಿನಲ್ಲಿ ಮಾಡಿದ ತೀರ್ಮಾನ ಅರ್ಧ ಬೆಂದ ಹಿಟ್ಟಿನ ಹಾಗೆ, ಹೊರಗೆ ಕೆಂಪಗಿರುತ್ತದೆ ಅಷ್ಟೆ. ನನಗಂತೂ ಖುಷಿಯೇ. ನೀನು ಬರುತ್ತೀಯ ಎಂದು ಓದಿದಾಗ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಒಂದು ವಿಶೇಷ. ಎಸ್ಕನಾಬಾದಲ್ಲಿ ಯಂತ್ರ ಕೆಟ್ಟಿದೆ. ಮಂಗಳವಾರ, ಇಪ್ಪತ್ತನೆಯ ತಾರೀಖು, ನಾವು ಡುಲುತ್‌ನಲ್ಲೇ ತುಂಬಿಕೊಳ್ಳುತ್ತೇವೆ. ಆದರೆ ಕೆಲಸ ವಿಪರೀತ, ನನ್ನನ್ನು ಕಾಯಬೇಡ. ಈ ಕಾಗದ ನಿನ್ನ ಕೈಸೇರುವುದರೊಳಗೆ ನಾವು ಹೊರಟಿರುತ್ತೇವೆ.

ಅಪ್ಪ


ಡುಲುತ್
ಜುಲೈ 22

ಅಪ್ಪಾ,

ನಿನ್ನ ಕಾಗದ ಇವತ್ತು ಸಿಕ್ಕಿತು. ಮಂಗಳವಾರ ಹಡಗಿನ ಸಿಳ್ಳೆ ಕೇಳಿ, ಒಂದು ಉದ್ದ ಎರಡು ಗಿಡ್ಡ, ಲ್ಯಾಬಿನ ಕಿಟಕಿಯಿಂದ ನೋಡಿದರೆ 'ಹ್ಯಾಲಕ್' ಸೇತುವೆಯ ಕೆಳಗೆ ನುಗ್ಗುತ್ತಿತ್ತು. ಸಂಜೆ ವೃದ್ಧಾಶ್ರಮಕ್ಕೆ ಹೋಗದೆ ಮನೆಯಲ್ಲಿ ಕಾದೆ. ಅರ್ಧ ದಿನವೂ ಸಿಗಲಿಲ್ಲವಾ ನಿನಗೆ? ಇರಲಿ. ಬೈಯುವ ಮನಸ್ಸಿಲ್ಲ ಇವತ್ತು.

ಅದೇ ಮಂಗಳವಾರ ಒಂದು ಘಟನೆ ನಡೆಯಿತು. ಮಧ್ಯಾಹ್ನ ಬರ್ನಿಸ್ ಒಂದು ಸ್ಯಾಂಪಲ್ ಕೊಟ್ಟು ಸ್ಲೈಡು ಮಾಡು ಎಂದಳು. ನಮಗೆ ಹೆಸರು ತೋರಿಸುವುದಿಲ್ಲ, ನಂಬರು ಅಷ್ಟೆ. ಗಾಜಿನ ತುದಿಗೆ ಪೆನ್ಸಿಲ್‌ನಲ್ಲಿ ನಂಬರು ಬರೆದು ತಳ್ಳಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಿಳಿಕಣಗಳೆಲ್ಲ ಒಡೆದು ಮಸಿ. ಎರಡನೆಯದು ಮಾಡಿದೆ, ಅದೂ ಮಸಿ. ಮೂರನೆಯದಕ್ಕೆ ಉಸಿರು ಬಿಗಿಹಿಡಿದು ತಳ್ಳಿದೆ, ತುದಿ ಗರಿಯ ಹಾಗೇ ಬಂದಿತ್ತು, ಒಳಗೆ ಮಾತ್ರ ಅದೇ ಮಸಿ. ಮೂರನ್ನೂ ಕಸದ ಡಬ್ಬಿಗೆ ಹಾಕಲು ಹೊರಟೆ. ಅತ್ತುಬಿಟ್ಟಿದ್ದೆ ಅಂತ ಕಾಣುತ್ತದೆ. ಆಮೇಲೆ ಯಾಕೋ ಹೊಳೆಯಿತು: ಪಕ್ಕದ ಕೆಂಪುಕಣಗಳು ನೆಟ್ಟಗಿವೆ. ನನ್ನ ಕೈ ಒತ್ತಿದ್ದರೆ ಅವೂ ಕೆಡಬೇಕಿತ್ತಲ್ಲ.

ಬರ್ನಿಸ್‌ಗೆ ಹೇಳಿದೆ. ಅವಳು ಬಂದು ಮೂರೂ ಸ್ಲೈಡನ್ನು ನೋಡಿದಳು. ಆಮೇಲೆ ದನದ ರಕ್ತದಿಂದ ತೆಗೆದ ಒಂದು ತಿಳಿ ದ್ರವವನ್ನು ಒಂದು ಹನಿ ಬೆರೆಸಿ, "ಈಗ ತಳ್ಳು" ಎಂದಳು. ತಳ್ಳಿದೆ. ಈ ಸಲ ಕಣಗಳು ಒಡೆದಿರಲಿಲ್ಲ. ಸಣ್ಣ ಬಿಳಿಕಣಗಳು, ಇರಬೇಕಾದ್ದಕ್ಕಿಂತ ಹತ್ತು ಪಟ್ಟು, ಸಾಲುಗಟ್ಟಿ. "ನಿನ್ನ ಕೈ ತಪ್ಪಲ್ಲ ಕಣೇ ಹುಡುಗಿ. ಈ ಕಣಗಳೇ ಬಡವು, ಮುಟ್ಟಿದ್ರೆ ಒಡೀತವೆ. ಇದು ಬಿಳಿಕಣದ ಕ್ಯಾನ್ಸರ್ರು, ನಿಧಾನದ್ದು, ವಯಸ್ಸಾದ ಗಂಡಸರಿಗೆ ಬರೋದು. ಎಷ್ಟೋ ಜನ ಸ್ಲೈಡು ಕೆಟ್ಟಿದೆ ಅಂತ ಬಿಸಾಕಿ ಹೋಗ್ತಾರೆ" ಎಂದಳು. ಆಮೇಲೆ ಕ್ಯಾಂಟೀನಿನಲ್ಲಿ ನನಗೆ ಬ್ಲೂಬೆರಿ ಪೈ ಕೊಡಿಸಿದಳು. ಮೂವತ್ತೊಂದು ವರ್ಷದಲ್ಲಿ ಅವಳು ಯಾರಿಗೂ ಕೊಡಿಸಿದ್ದು ಇಲ್ಲವಂತೆ.

ಯಾರೋ ಒಬ್ಬ ಮುದುಕ ಸುಸ್ತು ಎಂದುಕೊಂಡು ಓಡಾಡುತ್ತಿದ್ದಾನೆ, ಅವನಿಗೆ ಏನಾಗಿದೆ ಎಂದು ನಾನು ಹಿಡಿದೆ ಅಪ್ಪ. ಬೇಸರದ ಸುದ್ದಿಯೇ. ಆದರೂ ನನಗೆ ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು.

ನನ್ನ ಹೆಸರು ಹರಿದುಹಾಕು.

ಸೈಮಾ


'ಜೆರೋಮ್ ಹ್ಯಾಲಕ್', ಡೆಟ್ರಾಯ್ಟ್ ನದಿ ದಾಟಿ
ಜುಲೈ 29

ಮಗಳೇ,

ನಿನ್ನ ಕಾಗದವನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಇಂಜಿನ್ನಿನವರು, ಡೆಕ್ಕಿನವರು, ಯಾರಿಗೂ ಯಾವ ಕಣವೂ ಗೊತ್ತಿಲ್ಲ, ಆದರೂ ಚಮಚ ಕೆಳಗಿಟ್ಟು ಕೇಳಿದರು. "ಕೈ ತಪ್ಪಲ್ಲ" ಎನ್ನುವ ಕಡೆ ಬಂದಾಗ ಡೆಲ್ಬರ್ಟ್ ಮೇಜು ಕುಟ್ಟಿದ. "ಯಾರೋ ಪುಣ್ಯಾತ್ಮ, ನಮ್ಮ ಅಡುಗೆಯವನ ಮಗಳ ಕೈಗೆ ಸಿಕ್ಕಿ ಬಚಾವಾದ. ಅವನು ಅವಳಿಗೊಂದು ಕೇಕ್ ಕೊಡಿಸ್ಬೇಕು ಕಣ್ರೋ" ಎಂದ. ಎಲ್ಲರೂ ಕಾಫಿ ಲೋಟ ಎತ್ತಿದೆವು. ನಾನೂ ಎತ್ತಿದೆ.

ಆ ಮನುಷ್ಯನಿಗೆ ನಿನ್ನ ವಿಳಾಸ ಎಲ್ಲಿ ಗೊತ್ತಾಗಬೇಕು? ಅವನ ಪರವಾಗಿ ನಾನೇ ಮಾಡಿಕೊಡುತ್ತೇನೆ. ಕೇಕ್ ಬೇಡ, ನಿನ್ನ ಅಮ್ಮ ಮಾಡುತ್ತಿದ್ದ ಸಿಹಿ ನಿಸು ಬ್ರೆಡ್ಡು, ಏಲಕ್ಕಿ ದಂಡಿಯಾಗಿ ಹಾಕಿ, ಜಡೆ ಹೆಣೆದು.

ಹೆಸರು ಹರಿದುಹಾಕಿದೆ. ಬೇಸರವಾಗಲಿಲ್ಲ ಎಂದರೆ ನಂಬಬೇಡ. ಆದರೆ ಹೆಮ್ಮೆಯೂ ಆಯಿತು. ಹತ್ತು ಸಾವಿರ ಜಾಸ್ತಿ ಎಂದಿದ್ದೆನಲ್ಲ, ಆ ಮುದುಕನನ್ನು ಕೇಳಿದರೆ ಅಗ್ಗ ಎನ್ನುತ್ತಾನೇನೋ.

ಅಪ್ಪ


ಡುಲುತ್
ಆಗಸ್ಟ್ 5

ಅಪ್ಪಾ,

ಬ್ರೆಡ್ ಮಾಡುವುದು ಬೇಡ. ನಾನು ಆ ಕಾಗದವನ್ನು ಹಾಗೆ ಬರೆಯಬಾರದಿತ್ತು.

ಈ ವಾರ ಹಳೆಯ ಸ್ಲೈಡುಗಳ ನಂಬರಿನ ಎದುರು ಹೆಸರು ಬರೆದು ಪೆಟ್ಟಿಗೆಗೆ ಜೋಡಿಸುವ ಕೆಲಸ ಕೊಟ್ಟಿದ್ದರು. ಹತ್ತು ನಿಮಿಷದ್ದು. ಮಧ್ಯಾಹ್ನದವರೆಗೆ ಹಿಡಿಯಿತು.

ಒಂದು ಮಾತು ನಡೆಸಿಕೊಡು. ಈ ವರ್ಷ ಬಿಸ್ಕತ್ತಿನ ಡಬ್ಬಿಯನ್ನು ಜನವರಿಯವರೆಗೆ ಇಡಬೇಡ. ಈಗಲೇ ತೆಗೆ. ಎಲ್ಲ ಲಕೋಟೆಯನ್ನೂ ಒಡೆ. ಯಾಕೆ ಎಂದು ಕೇಳಬೇಡ.

ಸರಿಯಾಗಿ ಊಟ ಮಾಡು.

ಸೈಮಾ


'ಜೆರೋಮ್ ಹ್ಯಾಲಕ್', ಕ್ಲೀವ್‌ಲ್ಯಾಂಡ್
ಆಗಸ್ಟ್ 14

ಮಗಳೇ,

ಇಪ್ಪತ್ತು ವರ್ಷದಿಂದ ಆ ಡಬ್ಬಿಯ ತಂಟೆಗೆ ಯಾರೂ ಬಂದಿರಲಿಲ್ಲ. ಬದುಕಿದ್ದಾಗ ನಿನ್ನ ಅಮ್ಮ ಕೂಡ ಬಂದವಳಲ್ಲ. ಈಗ ನಿನಗೇನು ಬಂತು? ಫೀಸಿಗೆ ದುಡ್ಡು ಬೇಕಾಗಿದ್ದರೆ ನೇರವಾಗಿ ಕೇಳು, ಕಳಿಸುತ್ತೇನೆ.

ನಿನ್ನ ಹತ್ತಿರ ಒಂದು ವಿಷಯ ಮುಚ್ಚಿಟ್ಟಿದ್ದೆ, ಹೇಳಿಬಿಡುತ್ತೇನೆ. ಆ ಮಂಗಳವಾರ ಡುಲುತ್‌ನಲ್ಲಿ ಕ್ಯಾಪ್ಟನ್ ನನ್ನನ್ನು ಹಡಗಿನಿಂದ ಇಳಿಸಿ, "ಡಾಕ್ಟರಿಗೆ ತೋರಿಸ್ದೆ ಮೇಲೆ ಬರಂಗಿಲ್ಲ" ಎಂದರು. ಹೋದೆ, ನಿನ್ನ ಆಸ್ಪತ್ರೆಗೇ. ತೋಳಿಗೆ ಚುಚ್ಚಿ ಎರಡು ಸಣ್ಣ ಸೀಸೆ ರಕ್ತ ತೆಗೆದರು. ಎಲ್ಲ ಪರೀಕ್ಷೆ ಮುಗಿಸಿ ಎರಡು ಗಂಟೆಯ ಮೇಲೆ ಬರುವ ದಾರಿಯಲ್ಲಿ ನಿನ್ನ ಲ್ಯಾಬಿನ ಗಾಜಿನ ಬಾಗಿಲು ಕಂಡಿತು. ನೀನು ಬಿಳಿ ಕೋಟು ಹಾಕಿಕೊಂಡು ಬಗ್ಗಿ ಏನನ್ನೋ ನೋಡುತ್ತಿದ್ದೆ. ಪಕ್ಕದಲ್ಲಿ ಒಬ್ಬ ಗಿಡ್ಡ ಹೆಂಗಸು. ಬಾಗಿಲು ತಟ್ಟೋಣವೆಂದು ಕೈ ಎತ್ತಿದೆ. ಕೆಲಸದ ನಡುವೆ ಮೀನಿನ ವಾಸನೆಯ ಮುದುಕನೊಬ್ಬ "ಇವಳಪ್ಪ ನಾನು" ಎಂದು ನುಗ್ಗಿದರೆ ನಿನಗೆ ಏನನ್ನಿಸುತ್ತದೋ ಎಂದುಕೊಂಡು ಬಂದುಬಿಟ್ಟೆ. ನಿನ್ನ ಬೆನ್ನು ಮಾತ್ರ ನೋಡಿದೆ. ಚೆನ್ನಾಗಿ ಕೂತಿದ್ದೆ.

ಅವರು ಏನಾದರೂ ಬರೆದಿದ್ದರೆ ಡಬ್ಬಿಯಲ್ಲಿರುತ್ತದೆ. ಇರಲಿ ಬಿಡು. ಡಾಕ್ಟರು ಒಂದು ಸಾಲು ಬರೆದರೆ ಸಾಕು, ಕಂಪನಿ ನನ್ನನ್ನು ದಡಕ್ಕೆ ಹಾಕುತ್ತದೆ. ದಡದಲ್ಲಿ ನಾನು ಏನು ಮಾಡಲಿ? ಜನವರಿಯವರೆಗೆ ನನಗೆ ಏನೂ ಆಗಿಲ್ಲ.

ಅಪ್ಪ


ಡುಲುತ್
ಆಗಸ್ಟ್ 21

ಅಪ್ಪಾ,

ತರಬೇತಿಗೆ ಸೇರಿದ ದಿನ ನಾನು ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಲ್ಯಾಬಿನಲ್ಲಿ ಕಂಡದ್ದನ್ನು ಹೊರಗೆ ಯಾರಿಗೂ ಹೇಳುವಂತಿಲ್ಲ. ಮನೆಯವರಿಗೂ ಇಲ್ಲ, ರೋಗಿಗೂ ಇಲ್ಲ. ಹೇಳುವವರು ಡಾಕ್ಟರು ಮಾತ್ರ. ಹೇಳಿದ್ದು ಗೊತ್ತಾದರೆ ಕಾಲೇಜು ಆ ದಿನವೇ ಬಾಗಿಲು ತೋರಿಸುತ್ತದೆ, ಮತ್ತೆ ಯಾವ ಲ್ಯಾಬೂ ಸೇರಿಸುವುದಿಲ್ಲ. ಆ ಮುದುಕನ ವಿಷಯ ಹೆಸರಿಲ್ಲದೆ ಬರೆದದ್ದೇ ತಪ್ಪು. ನಾನು ಅದನ್ನು ಹಿಗ್ಗಿನಲ್ಲಿ ಬರೆದೆ. ಅದು ನೆನಪಾದಾಗಲೆಲ್ಲ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಬರ್ನಿಸ್ ನನ್ನ ಮುಖ ನೋಡಿಯೇ ಊಹಿಸಿದ್ದಾಳೆ. ಲ್ಯಾಬಿನ ಪುಸ್ತಕದಲ್ಲಿ ರೋಗಿಗೂ ಸ್ಲೈಡು ಮಾಡಿದವಳಿಗೂ ಒಂದೇ ಮನೆತನದ ಹೆಸರಿದ್ದರೆ ಯಾರಿಗೆ ತಿಳಿಯುವುದಿಲ್ಲ? ಅವಳೆಂದಳು: "ನೋಡಿದ್ದು ಕಣ್ಣಲ್ಲೇ ಇರ್ಬೇಕು, ನಾಲಿಗೆಗೆ ಇಳೀಬಾರ್ದು. ಅದು ನಿಯಮ. ನಾನು ಮೂವತ್ತೊಂದು ವರ್ಷ ಹಾಗೇ ಇದೀನಿ. ನನ್ನ ಅಕ್ಕಂದು ನೋಡ್ದಾಗಲೂ." ಆಮೇಲೆ, ಏನೂ ಗೊತ್ತಿಲ್ಲದವಳ ಹಾಗೆ, ಅಂದಳು: "ಡಾಕ್ಟರು ಬರೀತಾನೇ ಇದಾರಂತೆ, ಉತ್ತರ ಇಲ್ವಂತೆ. ಪಾಪ, ಯಾರೋ ಹಡಗಿನೋರು."

ಹದಿನೈದು ದಿನದಿಂದ ತೂಗಿದ್ದೇನೆ. ಒಂದು ಕಡೆ ಆ ಹತ್ತು ಸಾವಿರ, ಬೆನ್ನು, ಗರಿ ಬಂದ ಮೊದಲ ಸ್ಲೈಡು. ಇನ್ನೊಂದು ಕಡೆ ಏನಿದೆ ಎಂದು ಬರೆಯುವುದಿಲ್ಲ. ನನಗೆ ತೂಗುವುದಕ್ಕೆ ಅಷ್ಟು ದಿನ ಬೇಕಾಯಿತು ಎಂಬುದೇ ನಾಚಿಕೆ.

ಆ ಮಂಗಳವಾರ ಗಾಜಿನ ಬಾಗಿಲಿನಿಂದ ನೋಡಿದಾಗ ನಾನು ಬಗ್ಗಿ ಏನು ನೋಡುತ್ತಿದ್ದೆ ಎಂದು ನೀನು ಕೇಳಲಿಲ್ಲ. ನೀನು ಯಾರ ಪರವಾಗಿ ಬ್ರೆಡ್ ಮಾಡುತ್ತೇನೆ ಎಂದೆಯೋ, ಅವನು ಜನವರಿಯವರೆಗೆ ಕಾಯಬಾರದು ಅಪ್ಪ. ನಿಧಾನದ ರೋಗ, ಆದರೆ ಯಾರಾದರೂ ನೋಡಿಕೊಳ್ಳುತ್ತಿರಬೇಕು. ದಡಕ್ಕೆ ಬಂದರೆ ಅವನಿಗೆ ಇರಲು ಒಂದು ಮನೆ ಇದೆ, ಮನೆಯಲ್ಲಿ ಎರಡು ಕೋಣೆ ಇವೆ.

ಡಬ್ಬಿ ತೆಗೆ.

ಸೈಮಾ


'ಜೆರೋಮ್ ಹ್ಯಾಲಕ್', ಎಸ್ಕನಾಬಾ
ಸೆಪ್ಟೆಂಬರ್ 17

ಸೈಮಾ ಮಗಳೇ,

ನಿನ್ನ ಕಾಗದ ಬಂದು ಮೂರು ವಾರ ಮೀರಿತು. ಬರೆಯಲು ಹಲವು ಸಲ ಕೂತೆ. ಆಲೂಗಡ್ಡೆ ಸುಲಿಯುವುದು ಸುಲಭ.

ಡಬ್ಬಿ ತೆಗೆದೆ. ಆಸ್ಪತ್ರೆಯದು ಮೂರು ಕಾಗದ ಇದ್ದವು. ಮೊದಲನೆಯದು ಮರ್ಯಾದೆಯಾಗಿತ್ತು, ಮೂರನೆಯದರಲ್ಲಿ ಡಾಕ್ಟರ ಕೈಬರಹದಲ್ಲೇ "ದಯವಿಟ್ಟು" ಎಂದಿತ್ತು. ಅದನ್ನು ಕ್ಯಾಪ್ಟನ್ ಎದುರು ಇಟ್ಟೆ. ಅವರು ಓದಿ, ಕನ್ನಡಕ ತೆಗೆದು, "ನಿಮಗೆ ಯಾರು ಹೇಳಿದ್ರು ಈಗ ತೆಗೀರಿ ಅಂತ?" ಎಂದು ಕೇಳಿದರು. "ಯಾರೂ ಹೇಳ್ಲಿಲ್ಲ, ಡಬ್ಬಿ ತುಂಬಿತ್ತು" ಎಂದೆ. ಯಾರು ಕೇಳಿದರೂ ನಾನು ಹೇಳುವುದು ಅಷ್ಟೆ. ನೀನು ನನಗೆ ಏನೂ ಹೇಳಿಲ್ಲ. ಡುಲುತ್‌ನ ಹವಾಮಾನದ ಬಗ್ಗೆ ಬರೆದಿದ್ದೆ.

ಕ್ಲೀವ್‌ಲ್ಯಾಂಡಿನಲ್ಲಿ ಒಬ್ಬ ಡಾಕ್ಟರು ಸಮಾಧಾನವಾಗಿ ಕೂರಿಸಿ ವಿವರಿಸಿದರು. ಇದರಿಂದ ಸಾಯುವವರಿಗಿಂತ ಇದರ ಜೊತೆ ಬದುಕುವವರೇ ಹೆಚ್ಚಂತೆ. ಈಗ ಔಷಧವೂ ಬೇಡವಂತೆ, ತಿಂಗಳಿಗೊಮ್ಮೆ ರಕ್ತ ತೋರಿಸಬೇಕು. ಯಾವ ಊರಿನಲ್ಲಿ ತೋರಿಸುತ್ತೀರಿ ಎಂದರು. ಡುಲುತ್ ಎಂದೆ. ನನ್ನ ಸ್ಯಾಂಪಲ್ ಬಂದರೆ ನೀನು ಎದ್ದು ಹೊರಗೆ ಹೋಗು, ಆ ಗಿಡ್ಡ ಹೆಂಗಸು ನೋಡಲಿ. ನಿಯಮ ನಿಯಮವೇ. ಒಂದು ಸಲ ಮುರಿದದ್ದು ಸಾಕು.

ಹೆದರಿಕೆ ಇಲ್ಲ ಎಂದು ಬರೆಯಲು ಹೊರಟಿದ್ದೆ, ಹೊಡೆದುಹಾಕಿದೆ. ಹೆದರಿಕೆ ಇದೆ. ಮೂವತ್ತೆಂಟು ವರ್ಷ ಇಪ್ಪತ್ತಾರು ಜನರಿಗೆ ಅಟ್ಟವನು ಇನ್ನು ಇಬ್ಬರಿಗೆ ಅಡುವುದು ಹೇಗೆ ಎಂಬ ಹೆದರಿಕೆಯೂ ಅದರಲ್ಲಿದೆ. ಉಪ್ಪು ಜಾಸ್ತಿಯಾದರೆ ಸುಮ್ಮನೆ ತಿನ್ನು.

ಡೆಲ್ಬರ್ಟನ ಜೊತೆಗೆ ನಾನೂ ಇಳಿಯುತ್ತಿದ್ದೇನೆ. ಬಸ್ಸು ಭಾನುವಾರ ಮಧ್ಯಾಹ್ನ ಡುಲುತ್ ತಲುಪುತ್ತದೆ. ಇನ್ನು ಮೇಲೆ ಹಡಗಿಗೆ ಕಾಗದ ಬರೆಯಬೇಡ.

ಇವತ್ತು ಮಧ್ಯಾಹ್ನ ಎಲ್ಲರಿಗೂ ಬಡಿಸಿದ ಮೇಲೆ ಹಿಟ್ಟು ನಾದಿದೆ. ಡೆಲ್ಬರ್ಟ್ ಬಂದು, "ಇದು ಆ ಪುಣ್ಯಾತ್ಮನ ಪರವಾಗಾ?" ಎಂದ. ಹೌದೆಂದೆ. "ಅವನು ಹೇಗಿದಾನಂತೆ?" ಎಂದ. "ಎದ್ದು ಓಡಾಡ್ಕೊಂಡಿದಾನೆ, ಬ್ರೆಡ್ ಮಾಡೋವಷ್ಟು ಚೆನ್ನಾಗಿದಾನೆ" ಎಂದೆ. ಅವನು ನನ್ನನ್ನೇ ನೋಡಿದ. ಆಮೇಲೆ ಏಲಕ್ಕಿ ಕುಟ್ಟಿಕೊಟ್ಟ.

ಬಿಸ್ಕತ್ತಿನ ಡಬ್ಬಿಯನ್ನು ತೊಳೆದು ಒಣಗಿಸಿ ಬ್ರೆಡ್ಡನ್ನು ಅದರಲ್ಲೇ ಇಟ್ಟಿದ್ದೇನೆ. ಬೆಣ್ಣೆಕಾಗದದ ಅಡಿಯಲ್ಲಿ ಆಗಸ್ಟ್ ಇಪ್ಪತ್ತೊಂದರ ನಿನ್ನ ಕಾಗದ ಇದೆ. ಒಲೆಗೆ ಹಾಕಬೇಕೆಂದು ಎರಡು ಸಲ ಹೋದೆ, ನನ್ನಿಂದ ಆಗಲಿಲ್ಲ. ಬ್ರೆಡ್ ತಿಂದಾದ ಮೇಲೆ ನೀನೇ ಸುಟ್ಟುಬಿಡು.

ನಿನ್ನ
ಅಪ್ಪ